ನಕ್ಷೆಯಲ್ಲಿ ಬದಲಾದದ್ದು, ನೆಲದಲ್ಲಿ ಬದಲಾದದ್ದು

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಅದಕ್ಕೆ ಎರಡು ವರ್ಷ ಮೊದಲು, 1972ರ ಜುಲೈ ತಿಂಗಳಲ್ಲಿ, ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಕಕ್ಷೆ ಸೇರಿತ್ತು. ಅಂದರೆ ಈ ಅಭಯಾರಣ್ಯದ ಇಡೀ ಆಯುಷ್ಯ ಉಪಗ್ರಹ ಯುಗದಲ್ಲೇ ಕಳೆದಿದೆ. ಅರ್ಧ ಶತಮಾನದ ಚಿತ್ರಗಳು ಇರುವಾಗ ಇಲ್ಲಿ ಏನು ಬದಲಾಯಿತು ಎಂದು ಹೇಳುವುದು ಸುಲಭವಿರಬೇಕು. ಸುಲಭವಿಲ್ಲ. ಹುಲ್ಲು, ಕುರುಚಲು ಗಿಡಗಳ ಬಯಲಿನಲ್ಲಿ ಅರಣ್ಯ ಇಲಾಖೆ ನೀಲಗಿರಿ ಬೆಳೆಸಿತು. ಕಡಿದಾಗ ಅದು ಬೋಳು, ಬುಡ ಚಿಗುರಿದಾಗ ಮತ್ತೆ ತೋಪು. ನೋಡುವವರು ಹಿಡಿದ ವ್ಯಾಖ್ಯೆ ಯಾವುದು ಎಂಬುದರ ಮೇಲೆ ಇದೇ ನೆಲ ಅರಣ್ಯವೂ ಆಗುತ್ತದೆ, ಕುರುಚಲೂ ಆಗುತ್ತದೆ, ಪಾಳುಭೂಮಿಯೂ ಆಗುತ್ತದೆ. ಒಂದು ಕಾಲಕ್ಕೆ ಇಲ್ಲಿ ಓಡಾಡುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಈಗಿಲ್ಲ. ಆ ಹಕ್ಕಿಗೆ ಬೇಕಾಗಿದ್ದ ತೆರೆದ ಬಯಲು ಎಷ್ಟು ಹೋಯಿತು ಎಂದು ಕೇಳಿದರೆ, ಉತ್ತರ ನೀವು ತೆರೆದ ನಕ್ಷೆಯ ಮೇಲೆ ನಿಂತಿರುತ್ತದೆ.

ಉಪಗ್ರಹದ ಚಿತ್ರದಿಂದ ಮಾಡಿದ ಭೂಹೊದಿಕೆ ನಕ್ಷೆಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಇಸ್ರೋದ ಭುವನ್ ಜಾಲತಾಣ 2009ರಿಂದ ಇದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಪುಕ್ಕಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಜೋಡಿಯಾದ ಮೇಲೆ ಐದು ದಿನಕ್ಕೊಮ್ಮೆ ಬ್ಯಾಡಗಿಯ ಹೊಲಗಳ ಮೇಲೆ ಹಾದುಹೋಗುತ್ತಿವೆ. ಚಿತ್ರ ಹೆಚ್ಚಾದಷ್ಟೂ ನಕ್ಷೆಗಳು ಹೆಚ್ಚಾದವು. ನಕ್ಷೆ ಎಷ್ಟು ಸರಿ ಎಂಬ ಪ್ರಶ್ನೆ ಮಾತ್ರ ಕೊನೆಯ ಪುಟದ ಒಂದು ಶೇಕಡಾವಾರು ಅಂಕಿಯಲ್ಲಿ ಮುಗಿದುಹೋಗುತ್ತಿದೆ. ಆ ಅಂಕಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ವಿಜ್ಞಾನಿಗಳು ನಲವತ್ತು ವರ್ಷಗಳಿಂದ ಚರ್ಚಿಸಿದ್ದಾರೆ. ಆ ಚರ್ಚೆಯನ್ನು ಹಾವೇರಿ ಜಿಲ್ಲೆಯ ನೆಲದ ಮೇಲೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಅಳತೆ. ಉಪಗ್ರಹ ನೆಲವನ್ನು ಚೌಕ ಚೌಕವಾಗಿ ನೋಡುತ್ತದೆ. ಸೆಂಟಿನೆಲ್-2ರ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್. ಕಾಕತಾಳೀಯವೇ ಇರಲಿ, ಪಹಣಿಯ ಲೆಕ್ಕವೂ ಉಪಗ್ರಹದ ಲೆಕ್ಕವೂ ಇಲ್ಲಿ ಬಹುತೇಕ ಒಂದೇ ಆಗಿವೆ. ಮಿಕ್ಕವು ಇಷ್ಟು ಅನುಕೂಲದವಲ್ಲ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕ ಸುಮಾರು ಒಂಬತ್ತು ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ 23.5 ಮೀಟರ್ ಚೌಕ ಐದೂವರೆ ಗುಂಟೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2004-05ರಿಂದ ವರ್ಷವರ್ಷವೂ ಮಾಡುತ್ತ ಬಂದ ಭೂಬಳಕೆ ನಕ್ಷೆಗೆ ಆಧಾರವಾದ ಎವಿಫ್ಸ್ ಕ್ಯಾಮೆರಾದ 56 ಮೀಟರ್ ಚೌಕ 31 ಗುಂಟೆ, ಮುಕ್ಕಾಲು ಎಕರೆಗೂ ಹೆಚ್ಚು. 1988ರ ನಮ್ಮ ಮೊದಲ ಐಆರ್‌ಎಸ್ ಉಪಗ್ರಹದ ಲಿಸ್-1ರಲ್ಲಿ ಒಂದು ಚೌಕ ಒಂದು ಎಕರೆ ಹನ್ನೆರಡು ಗುಂಟೆ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಒಂದೆರಡು ಎಕರೆಗೆ ಇಳಿದ ಹಿಡುವಳಿಯೊಳಗೆ ಅರ್ಧ ಗೋವಿನಜೋಳ, ಅರ್ಧ ಹತ್ತಿ ಇದ್ದರೆ ಅಂಥ ಚೌಕ ಎರಡನ್ನೂ ಕಲಸಿ ಒಂದೇ ಬಣ್ಣ ಮಾಡುತ್ತದೆ. ಮೆಣಸಿನಕಾಯಿಯ ಸಾಲಿನ ನಡುವೆ ಉಳ್ಳಾಗಡ್ಡಿ, ಹತ್ತಿ ಹಾಕುವ ಎರೆಭೂಮಿಯ ಹಳೆಯ ಪದ್ಧತಿಯಲ್ಲಂತೂ ಹತ್ತು ಮೀಟರಿನ ಚೌಕವೂ ಸೋಲುತ್ತದೆ. ಅಲ್ಲಿ ತಪ್ಪು ಉಪಗ್ರಹದ್ದಲ್ಲ. ಒಂದು ಚೌಕಕ್ಕೆ ಒಂದೇ ಹೆಸರು ಇರಬೇಕೆಂದು ಹಟ ಹಿಡಿದವರದು.

ಹೆಸರಿನ ವಿಷಯ ಬಂತು. ನಿಖರತೆಯ ಚರ್ಚೆಯಲ್ಲಿ ಅತಿ ದೊಡ್ಡ ತಪ್ಪು ಎಣಿಕೆಯಲ್ಲಿ ಆಗುವುದಿಲ್ಲ, ಅದಕ್ಕೆ ಮೊದಲು ವರ್ಗಗಳನ್ನು ಗೊತ್ತುಮಾಡುವಾಗಲೇ ಆಗಿರುತ್ತದೆ ಎಂದು ನನ್ನ ಅಭಿಪ್ರಾಯ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ಅರಣ್ಯ ಹೊದಿಕೆ ಎಂದರೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರದ ನೆತ್ತಿ ಇರುವ ಯಾವುದೇ ಜಾಗ. ಒಡೆತನ ಯಾರದು, ಮರ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಹಾಗಾಗಿ ಅಭಯಾರಣ್ಯದ ನೀಲಗಿರಿಯೂ ಅರಣ್ಯ, ಹಾನಗಲ್ಲಿನ ಅಡಿಕೆ ತೋಟವೂ ಅರಣ್ಯ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ನಕ್ಷೆಯಲ್ಲಿ ಬೆಳೆಭೂಮಿ ಎಂದರೆ ವರ್ಷದೊಳಗೆ ಬಿತ್ತಿ ಕೊಯ್ಯುವ ಬೆಳೆ ಮಾತ್ರ. ತೋಟದ ಮರಗಳು ಮರದ ವರ್ಗಕ್ಕೆ ಹೋಗುತ್ತವೆ. ಹಾನಗಲ್ಲ, ಹಿರೇಕೆರೂರ, ಬ್ಯಾಡಗಿ ತಾಲೂಕುಗಳಲ್ಲಿ ಗದ್ದೆ, ಹೊಲಗಳು ಅಡಿಕೆ ತೋಟಗಳಾಗುತ್ತಿರುವುದು ಹಾದಿಯಲ್ಲಿ ಹೋಗುವವರಿಗೂ ಕಾಣುವ ಸಂಗತಿ. ನಕ್ಷೆಯಲ್ಲಿ ಅದು ಬೆಳೆಭೂಮಿ ಕುಗ್ಗಿ ಮರ ಹೆಚ್ಚಿದಂತೆ ಕಾಣುತ್ತದೆ. ಪ್ರತಿ ಚೌಕವೂ ಸರಿಯಾಗಿಯೇ ಗುರುತಾಗಿರಬಹುದು, ನಿಖರತೆ ಶೇ. 95 ಇರಬಹುದು, ಓದುಗ ಮಾತ್ರ ಜಿಲ್ಲೆಯಲ್ಲಿ ಕಾಡು ಬೆಳೆಯುತ್ತಿದೆ ಎಂದುಕೊಳ್ಳುತ್ತಾನೆ. 2013ರಲ್ಲಿ ಹ್ಯಾನ್ಸೆನ್ ತಂಡ ಇಡೀ ಜಗತ್ತಿನ ಅರಣ್ಯ ಬದಲಾವಣೆಯ ನಕ್ಷೆ ಪ್ರಕಟಿಸಿದಾಗ ಎದ್ದ ಮುಖ್ಯ ಆಕ್ಷೇಪಣೆಗಳಲ್ಲೊಂದು ಇದೇ: ನೆಡುತೋಪನ್ನೂ ಕಾಡನ್ನೂ ಅದು ಬೇರೆ ಮಾಡಲಿಲ್ಲ ಎಂದು.

ಬಯಲುಗಳ ಪಾಡು ಇನ್ನೂ ಕೆಟ್ಟದು. ಕೃಷ್ಣಮೃಗ ಮೇಯುವ ಕುರುಚಲು ಹುಲ್ಲುಗಾವಲು ನಮ್ಮ ಪಾಳುಭೂಮಿ ಅಟ್ಲಾಸಿನ ಪಟ್ಟಿಗೆ ಸೇರಿಬಿಡುತ್ತದೆ. ಪಾಳು ಎಂದ ಮೇಲೆ ಅಲ್ಲಿ ಏನನ್ನು ಹಚ್ಚಿದರೂ ಸುಧಾರಣೆಯೇ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ತೆರೆದ ಸಹಜ ಬಯಲುಗಳನ್ನೇ ಒಂದು ವರ್ಗವಾಗಿ ಹಿಡಿದು ದೇಶದ ಒಣಪ್ರದೇಶದ ನಕ್ಷೆ ಮಾಡಿತು. ಭಾರತದ ಭೂಭಾಗದ ಸುಮಾರು ಹತ್ತನೇ ಒಂದು ಪಾಲು ಇಂಥದ್ದು ಎಂದು ಅದರ ಲೆಕ್ಕ. ಉಪಗ್ರಹ ಹೊಸದಾಗಿರಲಿಲ್ಲ. ಕೇಳಿದ ಪ್ರಶ್ನೆ ಹೊಸದಾಗಿತ್ತು.

ಈಗ ಎಣಿಕೆಗೆ ಬರೋಣ. ನಕ್ಷೆಯನ್ನು ಪರೀಕ್ಷಿಸುವ ರೂಢಿಯ ವಿಧಾನ ದೋಷ ಕೋಷ್ಟಕ. ಕೆಲವು ಜಾಗಗಳನ್ನು ಆರಿಸಿ, ನಕ್ಷೆ ಹೇಳಿದ್ದನ್ನು ಒಂದು ಕಡೆ, ನೆಲದಲ್ಲಿ ಇದ್ದದ್ದನ್ನು ಇನ್ನೊಂದು ಕಡೆ ಬರೆದು, ಎಷ್ಟು ಕೂಡಿದವು ಎಂದು ನೋಡುವುದು. ಒಟ್ಟು ಕೂಡಿದ್ದರ ಶೇಕಡಾವಾರು ಒಟ್ಟಾರೆ ನಿಖರತೆ. 1976ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಗಾಗಿ ಆ್ಯಂಡರ್ಸನ್ ಮತ್ತು ಸಂಗಡಿಗರು ಶೇ. 85 ಎಂಬ ಗುರಿ ಬರೆದರು. ಅದು ಅವರ ಕಾಲದ, ಅವರ ಕೆಲಸದ ಗುರಿ. ನಂತರ ಅದೇ ಎಲ್ಲ ಕಡೆ ಪಾಸಾಗುವ ಅಂಕವಾಗಿ ಕೂತಿತು. 1986ರಲ್ಲಿ ಸ್ಟೋರಿ ಮತ್ತು ಕಾಂಗಲ್ಟನ್ ಈ ಒಂದೇ ಅಂಕಿಯನ್ನು ಒಡೆದು ಎರಡು ಪ್ರಶ್ನೆ ಮಾಡಿದರು. ನಕ್ಷೆ ಮೆಣಸಿನಕಾಯಿ ಎಂದ ಕಡೆ ಹೋದರೆ ಎಷ್ಟು ಸಲ ಮೆಣಸಿನಕಾಯಿ ಸಿಗುತ್ತದೆ? ಇದು ನಕ್ಷೆ ಬಳಸುವವನ ಪ್ರಶ್ನೆ. ನೆಲದಲ್ಲಿರುವ ಮೆಣಸಿನಕಾಯಿಯಲ್ಲಿ ಎಷ್ಟನ್ನು ನಕ್ಷೆ ಹಿಡಿಯಿತು? ಇದು ಮಾಡಿದವನ ಪ್ರಶ್ನೆ. ಎರಡರ ಉತ್ತರ ಬಹಳ ಬೇರೆಯಾಗಿರಬಹುದು. ಕಪ್ಪಾ ಎಂಬ ಇನ್ನೊಂದು ಸೂಚ್ಯಂಕ ದಶಕಗಳ ಕಾಲ ಪ್ರತಿ ಪ್ರಬಂಧದಲ್ಲೂ ಇರಲೇಬೇಕು ಎನ್ನುವಂತೆ ಇತ್ತು. 2011ರಲ್ಲಿ ಪಾಂಟಿಯಸ್ ಮತ್ತು ಮಿಲೋನ್ಸ್ ಅದಕ್ಕೆ ಸಾವಿನ ಪತ್ರವನ್ನೇ ಬರೆದರು. ನಮ್ಮಲ್ಲಿ ಇನ್ನೂ ಅದರ ತಿಥಿ ಆಗಿಲ್ಲ.

ಬದಲಾವಣೆಯ ನಕ್ಷೆಗೆ ಬಂದಾಗ ಒಟ್ಟಾರೆ ನಿಖರತೆ ಎಂಬ ಅಂಕಿ ಮೋಸದ್ದೇ ಆಗಿಬಿಡುತ್ತದೆ. ಯಾಕೆಂದರೆ ಯಾವುದೇ ಐದು ವರ್ಷದಲ್ಲಿ ಒಂದು ತಾಲೂಕಿನ ಹೆಚ್ಚಿನ ನೆಲ ಬದಲಾಗುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಹತ್ತು ಸಾವಿರ ಎಕರೆ. ಅದರಲ್ಲಿ ನಿಜವಾಗಿ ಬದಲಾದದ್ದು ಶೇ. 3, ಅಂದರೆ 300 ಎಕರೆ. ನಮ್ಮ ನಕ್ಷೆ ಜಾಣ ನಕ್ಷೆ: ಬದಲಾದದ್ದರಲ್ಲಿ ಶೇ. 80ನ್ನು, ಅಂದರೆ 240 ಎಕರೆಯನ್ನು ಹಿಡಿಯುತ್ತದೆ. ಬದಲಾಗದ 9,700 ಎಕರೆಯಲ್ಲಿ ಶೇ. 4ರಷ್ಟನ್ನು ಮಾತ್ರ, ಅಂದರೆ 388 ಎಕರೆಯನ್ನು, ಬದಲಾಗಿದೆ ಎಂದು ತಪ್ಪಾಗಿ ಹೇಳುತ್ತದೆ. ಒಟ್ಟಾರೆ ನಿಖರತೆ ಶೇ. 95.5. ವರದಿ ಬರೆದವರು ಬೆನ್ನು ತಟ್ಟಿಕೊಳ್ಳಬಹುದು. ಆದರೆ ಬದಲಾಗಿದೆ ಎಂದು ನಕ್ಷೆ ತೋರಿಸುವುದು 628 ಎಕರೆ, ನಿಜದ ದುಪ್ಪಟ್ಟಿಗೂ ಹೆಚ್ಚು. ಅದರಲ್ಲಿ ಸರಿಯಾದದ್ದು ಶೇ. 38. ಇನ್ನೂ ತಮಾಷೆ ಎಂದರೆ, ಏನೂ ಬದಲಾಗಿಲ್ಲ ಎಂದು ಖಾಲಿ ಹಾಳೆ ಕೊಟ್ಟವನ ನಿಖರತೆ ಶೇ. 97, ನಮ್ಮ ಜಾಣ ನಕ್ಷೆಗಿಂತ ಹೆಚ್ಚು.

ಎರಡು ಬೇರೆ ವರ್ಷಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಕಳೆಯುವುದು ಬದಲಾವಣೆ ಹುಡುಕುವ ಅತಿ ಸುಲಭದ ದಾರಿ, ಅತಿ ಅಪಾಯದ್ದೂ ಹೌದು. ಎರಡೂ ಶೇ. 90 ಸರಿಯಿದ್ದು, ತಪ್ಪುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಎರಡರಲ್ಲೂ ಸರಿಯಾದ ಜಾಗ ಶೇ. 81 ಮಾತ್ರ. ಒಂದು ಚಿತ್ರ ಇನ್ನೊಂದರಿಂದ ಅರ್ಧ ಚೌಕ ಸರಿದು ಕೂತಿದ್ದರೆ ಪ್ರತಿ ಒಡ್ಡು, ಪ್ರತಿ ಕಾಲುವೆ, ಪ್ರತಿ ಕೆರೆಯ ಅಂಚಿನಲ್ಲೂ ಹೊಸ ಬದಲಾವಣೆ ಹುಟ್ಟುತ್ತದೆ. ವರ್ಲ್ಡ್‌ಕವರ್‌ನ 2020 ಮತ್ತು 2021ರ ಆವೃತ್ತಿಗಳನ್ನು ಬೇರೆ ಬೇರೆ ಗಣನವಿಧಾನದಿಂದ ಮಾಡಲಾಗಿದೆ. ಒಟ್ಟಾರೆ ನಿಖರತೆ ಕ್ರಮವಾಗಿ ಶೇ. 74.4 ಮತ್ತು ಶೇ. 76.7. ಎರಡರ ವ್ಯತ್ಯಾಸದಲ್ಲಿ ವಿಧಾನದ ವ್ಯತ್ಯಾಸವೂ ಬೆರೆತಿದೆ ಎಂದು ತಯಾರಿಸಿದವರೇ ಎಚ್ಚರಿಸಿದ್ದಾರೆ. ನಮ್ಮ ಅರಣ್ಯ ವರದಿಯ 2021ರ ಆವೃತ್ತಿ ಕರ್ನಾಟಕದಲ್ಲಿ ಎರಡು ವರ್ಷದಲ್ಲಿ ಅರಣ್ಯ ಹೊದಿಕೆ 155 ಚದರ ಕಿಲೋಮೀಟರ್ ಹೆಚ್ಚಿತು ಎಂದಿತು. ರಾಜ್ಯದ ಒಟ್ಟು 38,730 ಚದರ ಕಿಲೋಮೀಟರಿನಲ್ಲಿ ಅದು ಶೇ. 0.4. ಇಷ್ಟು ಸಣ್ಣ ಏರಿಕೆಯನ್ನು ಪತ್ರಿಕೆಗಳು ಸಾಧನೆ ಎಂದು ಅಚ್ಚು ಹಾಕುವ ಮೊದಲು, ಆ 155ರ ಪಕ್ಕ ಹೆಚ್ಚುಕಡಿಮೆ ಎಷ್ಟು ಎಂಬ ಇನ್ನೊಂದು ಅಂಕಿ ಕೇಳಬೇಕಿತ್ತು.

ಕಾಲದ ಆಯ್ಕೆಯೂ ಸುಳ್ಳು ಹೇಳಿಸುತ್ತದೆ. ಹಾವೇರಿಯ ಕೆರೆಗಳನ್ನು 2019ರ ನೆರೆಯ ನಂತರ ಒಮ್ಮೆ, 2023ರ ಬರದಲ್ಲಿ ಒಮ್ಮೆ ನೋಡಿ ಕಳೆದರೆ ಜಲಮೂಲಗಳೇ ಮಾಯವಾಗುತ್ತಿವೆ ಎಂಬ ನಿರ್ಣಯ ಸಿದ್ಧ. ವರ್ಷಗಳನ್ನು ಅದಲು ಬದಲು ಮಾಡಿದರೆ ಕೆರೆ ಹೂಳೆತ್ತುವ ಯೋಜನೆಯ ಯಶೋಗಾಥೆ ಸಿದ್ಧ.

ಬ್ಯಾಡಗಿಯ ಹೆಸರು ಹೊತ್ತ ಬೆಳೆಯಲ್ಲಿ ಈ ಕಷ್ಟಗಳೆಲ್ಲ ಒಟ್ಟಿಗೆ ಸೇರುತ್ತವೆ. ಮಳೆಯಾಶ್ರಿತ ಮೆಣಸಿನಕಾಯಿ ಜೂನ್, ಜುಲೈನಲ್ಲಿ ನೆಲ ಸೇರುತ್ತದೆ. ಆಗ ಮಲೆನಾಡಿನ ಸೆರಗಿನಿಂದ ಇತ್ತ ಮೋಡ ಬಿಡುವುದಿಲ್ಲ, ಬೆಳಕಿನ ಕ್ಯಾಮೆರಾಕ್ಕೆ ಏನೂ ಕಾಣದು. ಮೋಡ ಸರಿದಾಗ ಗಿಡಗಳು ಇನ್ನೂ ವಿರಳ, ಉಪಗ್ರಹಕ್ಕೆ ಹೆಚ್ಚಾಗಿ ಕಾಣುವುದು ನಡುವಿನ ಎರೆಮಣ್ಣು. ದಟ್ಟವಾಗಿ ಎದ್ದು ನಿಲ್ಲುವ ಗೋವಿನಜೋಳದ ಮುಂದೆ ಅದು ಬೀಳು ಹೊಲದಂತೆ ತೋರುತ್ತದೆ. ಒಂದೇ ತಾರೀಖಿನ ಚಿತ್ರದಲ್ಲಿ ಇದನ್ನು ಬಿಡಿಸಲಾಗದು. ವರ್ಷದ ನಡೆ ನೋಡಿದರೆ ಬಿಡಿಸಬಹುದು: ಗೋವಿನಜೋಳದ ಹೊಲ ನವೆಂಬರ್ ಹೊತ್ತಿಗೆ ಖಾಲಿಯಾಗಿರುತ್ತದೆ ಅಥವಾ ಹಿಂಗಾರಿ ಕಡಲೆ, ಜೋಳಕ್ಕೆ ತಿರುಗಿರುತ್ತದೆ, ಮೆಣಸಿನಕಾಯಿ ಮಾತ್ರ ಜನವರಿಯಾಚೆಗೂ ಹೊಲದಲ್ಲೇ ಇರುತ್ತದೆ. ಆದರೆ ಹತ್ತಿಯೂ ಹಾಗೆಯೇ ಇರುತ್ತದೆ. ನಕ್ಷೆಯ ಗೊಂದಲ ಗೋವಿನಜೋಳದಿಂದ ಹತ್ತಿಗೆ ಸರಿಯಿತು, ಅಷ್ಟೇ. ಹತ್ತಿ ಮತ್ತು ಮೆಣಸಿನಕಾಯಿಯನ್ನು ಬೇರೆ ಮಾಡುವುದಕ್ಕೆ ಹೊಲಕ್ಕೆ ಹೋಗಿ ತಂದ ಮಾದರಿಗಳೇ ಬೇಕು, ಅವೂ ಎರೆ ಮತ್ತು ಮಸಾರಿ ಎರಡೂ ನೆಲದಿಂದ ಬೇಕು. ಬೇರೆ ಖಂಡಗಳ ಹೊಲ ನೋಡಿ ಕಲಿತ ಜಾಗತಿಕ ಗಣನಯಂತ್ರಕ್ಕೆ ಡಬ್ಬಿ, ಕಡ್ಡಿ ಮೆಣಸಿನಕಾಯಿ ಗೊತ್ತಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಇದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ ಇದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಆವಕ ಉಕ್ಕಿ, ದರ ಬಿದ್ದು, ರೈತರ ಸಿಟ್ಟು ಬೆಂಕಿಯಾಗಿ ವಾಹನಗಳು ಸುಟ್ಟದ್ದು ರಾಜ್ಯವೆಲ್ಲ ನೋಡಿದ ಸುದ್ದಿ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬರುವ ಪೇಟೆಯದು. ಎಲ್ಲಿ ಎಷ್ಟು ಎಕರೆ ಮೆಣಸಿನಕಾಯಿ ನಿಂತಿದೆ ಎಂದು ಡಿಸೆಂಬರಿನಲ್ಲೇ ನಂಬುವಂತೆ ಹೇಳಬಲ್ಲ ನಕ್ಷೆ ಇದ್ದಿದ್ದರೆ ದರ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಶೀತಲಗೃಹದವರಿಗೂ ರೈತರಿಗೂ ಒಂದೇ ಮಾಹಿತಿಯಾದರೂ ಇರುತ್ತಿತ್ತು.

ನಕ್ಷೆಯನ್ನು ಸುಧಾರಿಸುವ ದಾರಿಗಳಲ್ಲಿ ಫಲ ಕೊಟ್ಟದ್ದು ಮುಖ್ಯವಾಗಿ ಎರಡು. ಒಂದು, ಎರಡು ಚಿತ್ರಗಳನ್ನು ಕಳೆಯುವ ಬದಲು ಪ್ರತಿ ಚೌಕದ ಹತ್ತಾರು ವರ್ಷಗಳ ಇತಿಹಾಸವನ್ನು ಒಂದು ಗೆರೆಯಾಗಿ ಓದುವುದು. 2010ರ ಲ್ಯಾಂಡ್‌ಟ್ರೆಂಡರ್, ಬಿಫಾಸ್ಟ್, 2014ರ ಸಿಸಿಡಿಸಿ ಇವೆಲ್ಲ ಈ ಬಗೆಯ ಗಣನವಿಧಾನಗಳು. ರಾಣೆಬೆನ್ನೂರಿನ ನೀಲಗಿರಿಗೆ ಇದು ಹೇಳಿ ಮಾಡಿಸಿದ ಉಪಾಯ. ಕೆಲವು ವರ್ಷ ಏರಿ, ಕಡಿದ ವರ್ಷ ಥಟ್ಟನೆ ಬಿದ್ದು, ಮತ್ತೆ ಏರುವ ಹಲ್ಲುಹಲ್ಲಾದ ಗೆರೆ ನೆಡುತೋಪಿನದು. ಮಳೆಗೆ ಹಸಿರಾಗಿ ಬೇಸಿಗೆಗೆ ಒಣಗುವ ಸಣ್ಣ ಅಲೆಗಳ ಗೆರೆ ಹುಲ್ಲುಬಯಲಿನದು. ಯಾವುದೋ ಎರಡು ತಾರೀಖು ಹಿಡಿದರೆ ಅರಣ್ಯನಾಶ ಅಥವಾ ಅರಣ್ಯವೃದ್ಧಿ ಎಂದು ಕಾಣುವುದು ಗೆರೆಯಾಗಿ ನೋಡಿದಾಗ ಒಂದೇ ತೋಪಿನ ಸರದಿ ಎಂದು ತಿಳಿಯುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಂತರ ಯಾವ ತೋಪು ನಿಜಕ್ಕೂ ಬಯಲಾಗಿ ಉಳಿಯಿತು, ಯಾವುದು ಬುಡದಿಂದ ಚಿಗುರಿತು ಎಂದು ಹೇಳಬಲ್ಲದ್ದೂ ಇಂಥ ಗೆರೆಯೇ. ಅಡಿಕೆಯಲ್ಲಿ ಮಾತ್ರ ಎಚ್ಚರ ಬೇಕು. ಸಸಿ ಹಚ್ಚಿದ ಮೊದಲ ವರ್ಷಗಳಲ್ಲಿ ಮೇಲಿನಿಂದ ಕಾಣುವುದು ನಡುವಿನ ಬಾಳೆಯೋ ಬರಿ ನೆಲವೋ. ನಕ್ಷೆ ಬದಲಾವಣೆ ಎಂದು ಗುರುತಿಸುವ ವರ್ಷ ರೈತ ಗುಂಡಿ ತೋಡಿದ ವರ್ಷಕ್ಕಿಂತ ಬಹಳ ತಡವಾಗಿ ಬರುತ್ತದೆ.

ಎರಡನೆಯದು ರಾಡಾರ್. ಮೋಡವನ್ನು ಹಾದು ನೋಡುವ ಸೆಂಟಿನೆಲ್-1 ಚಿತ್ರಗಳು 2014ರಿಂದ ಇವೆ. ನಮ್ಮದೇ ರಿಸ್ಯಾಟ್-1 2012ರಲ್ಲಿ, ಇಒಎಸ್-04 2022ರಲ್ಲಿ ಹಾರಿದವು. 2025ರ ಜುಲೈನಲ್ಲಿ ನಾಸಾ ಮತ್ತು ಇಸ್ರೋ ಕೂಡಿ ಕಳಿಸಿದ ನಿಸಾರ್ ಉಪಗ್ರಹದ ಉದ್ದ ತರಂಗ ಎಲೆಗಳನ್ನು ದಾಟಿ ಕಾಂಡ, ಕೊಂಬೆಗಳವರೆಗೆ ಹೋಗುತ್ತದೆ. ಮುಂಗಾರಿ ಬಿತ್ತನೆಯನ್ನು ಬಿತ್ತನೆಯ ಕಾಲದಲ್ಲೇ ಹಿಡಿಯುವುದಕ್ಕೆ ರಾಡಾರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಆದರೂ ನಾನು ಹೆಚ್ಚು ಭರವಸೆ ಇಡುವುದು ಇನ್ನೂ ಚೂಪಾದ ಉಪಗ್ರಹಗಳ ಮೇಲಲ್ಲ. ತಪ್ಪಿರುವ ನಕ್ಷೆಯಿಂದಲೂ ಸರಿಯಾದ ವಿಸ್ತೀರ್ಣ ತೆಗೆಯಲು ಬರುತ್ತದೆ. ಓಲೋಫ್‌ಸನ್ ಮತ್ತು ಸಂಗಡಿಗರು 2014ರಲ್ಲಿ ಬರೆದ ಮಾರ್ಗಸೂಚಿಯ ತಿರುಳು ಇದು. ಮೇಲಿನ ಕಾಲ್ಪನಿಕ ನಕ್ಷೆಯನ್ನೇ ತೆಗೆದುಕೊಳ್ಳಿ. ಬದಲಾಗಿದೆ ಎಂದ 628 ಎಕರೆಯಲ್ಲಿ 100 ಜಾಗಗಳನ್ನು ಚೀಟಿ ಎತ್ತಿ ಆರಿಸಿ ನೋಡಿದಾಗ 38 ನಿಜ. ಬದಲಾಗಿಲ್ಲ ಎಂದ 9,372 ಎಕರೆಯಲ್ಲಿ 500 ಜಾಗ ನೋಡಿದಾಗ 3 ಕಡೆ ಬದಲಾಗಿತ್ತು. ಮೊದಲನೆಯದರಿಂದ 239 ಎಕರೆ, ಎರಡನೆಯದರಿಂದ 56, ಒಟ್ಟು 295. ನಿಜ 300. ಚೌಕ ಎಣಿಸಿದವನು 628 ಎಂದಿದ್ದ. ಜೊತೆಗೆ ಸಂಖ್ಯಾಶಾಸ್ತ್ರ ಹೆಚ್ಚುಕಡಿಮೆ 87 ಎಕರೆ ಎಂಬ ಅಂಚನ್ನೂ ಕೊಡುತ್ತದೆ: ಉತ್ತರ 208ರಿಂದ 382ರ ನಡುವೆ ಎಲ್ಲೋ ಇದೆ ಎಂದು. ಈ ಅಂಚು ಅಗಲವಾಗಿದೆ ಎನಿಸಿದರೆ ಇನ್ನಷ್ಟು ಜಾಗ ನೋಡಬೇಕು. ಅಂಚಿಲ್ಲದ ಅಂಕಿ ಇದಕ್ಕಿಂತ ನಿಖರವಲ್ಲ, ಇದಕ್ಕಿಂತ ಧೈರ್ಯದ್ದು ಮಾತ್ರ.

ಈ ವಿದ್ಯೆ ನಮಗೆ ಹೊರಗಿನಿಂದ ಬರಬೇಕಾಗಿಯೂ ಇಲ್ಲ. 1930ರ ದಶಕದ ಕೊನೆಯಲ್ಲಿ ಮಹಲನೋಬಿಸ್ ಬಂಗಾಳದ ಸೆಣಬಿನ ವಿಸ್ತೀರ್ಣವನ್ನು ಹೀಗೆಯೇ ಮಾದರಿ ಜಾಗಗಳಿಂದ ಅಂದಾಜು ಮಾಡಿದರು. ಸುಖಾತ್ಮೆ ಮತ್ತು ಪಾನ್ಸೆ ಬೆಳೆ ಕಟಾವು ಪ್ರಯೋಗಗಳನ್ನು ಶಾಸ್ತ್ರಬದ್ಧ ಮಾಡಿದರು. ಇಂದಿಗೂ ಬೆಳೆವಿಮೆಗಾಗಿ ಪಂಚಾಯಿತಿ ಮಟ್ಟದಲ್ಲಿ ಅದೇ ಪ್ರಯೋಗ ನಡೆಯುತ್ತದೆ. ಮಾದರಿ ಆಯ್ಕೆ ಯಾಕೆ ಬೇಕು ಎಂದು ನಮ್ಮ ಕೃಷಿ ಇಲಾಖೆಗೆ ಗೊತ್ತು. ಅದೇ ಶಿಸ್ತು ಉಪಗ್ರಹ ನಕ್ಷೆಗೆ ಬರುವಾಗ ಎಲ್ಲೋ ಕಳಚಿಹೋಗಿದೆ. ಪರೀಕ್ಷೆಯ ಜಾಗಗಳೆಂದರೆ ಜೀಪು ಹೋಗುವ ರಸ್ತೆಯ ಬದಿ. ನಕ್ಷೆಗೆ ಕಲಿಸಿದ ಜಾಗದಲ್ಲೇ ಅದರ ಪರೀಕ್ಷೆ. ಹೊಲಕ್ಕೆ ಹೋಗಲಾಗದಿದ್ದರೆ ಗೂಗಲ್ ಅರ್ಥ್‌ನ ಯಾವ ವರ್ಷದ್ದೋ ಚಿತ್ರ. ಹೀಗೆ ಬಂದ ಶೇ. 92ಕ್ಕೆ ಬೆಲೆ ಕಡಿಮೆ.

ಕರ್ನಾಟಕಕ್ಕೆ ಇಲ್ಲಿ ಬೇರೆ ರಾಜ್ಯಗಳು ಅಸೂಯೆ ಪಡಬೇಕಾದ ಒಂದು ಆಸ್ತಿ ಇದೆ. 2017-18ರಿಂದ ನಡೆಯುತ್ತಿರುವ ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರು, ಹಿಸ್ಸಾವಾರು ಮೊಬೈಲ್ ಹಿಡಿದು, ಹೊಲದಲ್ಲೇ ನಿಂತು ಬೆಳೆಯ ಫೋಟೊ ತೆಗೆಯುತ್ತಾರೆ. 2020ರಿಂದ ರೈತರೂ ತಾವೇ ಮಾಡಬಹುದು. ಹಿಂದೆ ತಲಾಠಿ ಕೂತಲ್ಲೇ ಪಹಣಿಯಲ್ಲಿ ಹಿಂದಿನ ವರ್ಷದ ಬೆಳೆಯನ್ನೇ ನಕಲು ಮಾಡುತ್ತಿದ್ದ ಎಂಬ ದೂರಿಗೆ ಇದು ಉತ್ತರವಾಗಿ ಬಂತು. ಅಕ್ಷಾಂಶ, ರೇಖಾಂಶ, ತಾರೀಖು, ಫೋಟೊ ನಾಲ್ಕೂ ಇರುವ ನೆಲದ ಸಾಕ್ಷಿ ಪ್ರತಿ ಹಂಗಾಮಿಗೂ ಲಕ್ಷಗಟ್ಟಲೆ ಬರುತ್ತಿದೆ. ಇದನ್ನು ನಕ್ಷೆ ಕಲಿಸುವುದಕ್ಕೆ ಧಾರಾಳ ಬಳಸಬಹುದು. ಪರೀಕ್ಷೆಗೆ ಬಳಸುವ ಮೊದಲು ಅದನ್ನೇ ಪರೀಕ್ಷಿಸಬೇಕು. ಮಿಶ್ರ ಬೆಳೆಯಲ್ಲಿ ಯಾವುದನ್ನು ಬರೆದರು, ಒಂದೇ ಬದುವಿನ ಮೇಲೆ ನಿಂತು ನಾಲ್ಕು ಹೊಲದ ಫೋಟೊ ಮುಗಿಸಿದರೇ, ಪರಿಹಾರ ಸಿಗುವ ಬೆಳೆಯ ಹೆಸರು ಹೆಚ್ಚು ಬಂದಿದೆಯೇ, ಇವೆಲ್ಲ ಕೇಳಬೇಕಾದವು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಈ ಮೂರು ತಾಲೂಕುಗಳಲ್ಲಿ ನಕ್ಷೆಯ ವರ್ಗಗಳ ಪ್ರಕಾರ ಕೆಲವು ನೂರು ಸರ್ವೆ ನಂಬರುಗಳನ್ನು ಚೀಟಿ ಎತ್ತಿ ಆರಿಸಿ, ಬೆಳೆ ಸಮೀಕ್ಷೆಗೆ ಮೊದಲು ಹೋದವರು ಏನು ಬರೆದರೆಂದು ತಿಳಿಯದ ಇನ್ನೊಬ್ಬರನ್ನು ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಕಳಿಸಿದರೆ ಸಾಕು. ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಎರಡಕ್ಕೂ ಇದು ಕೈಮೀರಿದ್ದಲ್ಲ. ಬೆಳೆ ಸಮೀಕ್ಷೆಯ ವಿವರ ತಪ್ಪಿದ್ದರೆ ರೈತ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ಉಪಗ್ರಹ ನಕ್ಷೆಗೂ ಅಂಥದೊಂದು ಕಿಟಕಿ ತೆರೆಯಬೇಕು. ಆದರೆ ಬಂದ ಆಕ್ಷೇಪಣೆಗಳನ್ನು ಎಣಿಸಿ ನಕ್ಷೆಯ ನಿಖರತೆ ಇಷ್ಟು ಎನ್ನಬಾರದು. ನಷ್ಟವಾದವನು ಆಕ್ಷೇಪಿಸುತ್ತಾನೆ, ತಪ್ಪಿನಿಂದ ಲಾಭವಾದವನು ಸುಮ್ಮನಿರುತ್ತಾನೆ, ಅಭಯಾರಣ್ಯದ ಬಯಲಿನ ಪರವಾಗಿ ಆ್ಯಪ್ ತೆರೆಯುವವರು ಯಾರೂ ಇಲ್ಲ. ಆ ಲೆಕ್ಕಕ್ಕೆ ಚೀಟಿ ಎತ್ತಿದ ಜಾಗಗಳೇ ಬೇಕು.